ಹಿಮನದಿಯ ಮೇಲಿನ ನಿರ್ಮಾಲ್ಯ

ಚಿಕ್ಕಜಾಜೂರು ಸ್ಟೇಷನ್ನಿನ ಎದುರಿಗೆ ಮಂಡಕ್ಕಿ, ಸೋಡಾ ಮಾರುತ್ತಿದ್ದ ಮುರುಗಪ್ಪನವರ ಮಗಳು ಸಹನಾಳಿಗೆ ಶಿವನು ಹಿಮದ ಮೇಲಿನ ಒಲವನ್ನು ಹುಟ್ಟಿನಿಂದಲೇ ಕೊಟ್ಟು ಕಳುಹಿಸಿದ್ದನೆಂದು ತೋರುತ್ತದೆ. ಬೇಸಿಗೆಯಲ್ಲಿ ಅಂಗಡಿಗೆ ಬರುತ್ತಿದ್ದ ಮಂಜುಗಡ್ಡೆಯನ್ನು ತಂದೆ ಭತ್ತದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿಡುತ್ತಿದ್ದರು. ಹೊಟ್ಟು ದಪ್ಪವಾಗಿ ಮುಚ್ಚಿದ ಗಡ್ಡೆ ಸಂಜೆಯ ತನಕ ಉಳಿಯುತ್ತಿತ್ತು. ಬಿಸಿಲಿಗೆ ತೆರೆದಿದ್ದ ತುಂಡಿನ ಮೇಲೆ ಒಂದೆರಡು ಚೂರು ಹೊಟ್ಟು ಬಿದ್ದರೆ ಮಾತ್ರ ಅವು ತಮ್ಮ ಗಾತ್ರದ ಗುಳಿ ತೋಡಿಕೊಂಡು ಒಳಗಿಳಿಯುತ್ತಿದ್ದವು. ಮಗು ಅದನ್ನೇ ನೋಡುತ್ತ ಕುಳಿತಿರುತ್ತಿತ್ತು.

ಆ ಮಗು ಬೆಳೆದು, ಚಿತ್ರದುರ್ಗದ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ೨೦೦೪ರಲ್ಲಿ ಹಿಮಾಚಲದ ಹಿಮನದಿಯೊಂದನ್ನು ಅಳೆಯುವ ತಂಡಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಆಯ್ಕೆಯಾಯಿತು. ಹಿರಿಯೂರು ಕಡೆಯ ಬಬ್ಬೂರಿನ ಚೇತನ್‌ಕುಮಾರ್, ಅವಳ ಸಹಪಾಠಿ, ಅದೇ ತಂಡದಲ್ಲಿದ್ದ. ತಂದೆ ಒಪ್ಪಿದರು. ತಾಯಿ ವೀರಮ್ಮನವರು ಮಾತ್ರ ಚೀಲ ಕಟ್ಟುವ ದಿನದವರೆಗೂ ಹೂಂ ಎನ್ನಲಿಲ್ಲ.

“ಅಲ್ಲಿ ನೀರೇ ಕಲ್ಲಾಗತೈತಂತೆ. ಲಿಂಗಪೂಜೆ ಹೆಂಗೆ ಮಾಡ್ತೀಯೇ?”

“ಹಿಮ ಕಾಯಿಸ್ಕಂಡು ಮಾಡ್ತೀನಿ ಕಣವ್ವ.”

“ಒಂದು ದಿನ ತಪ್ಪಿದ್ರೂ ಮುಂದಿನ ವರ್ಷ ಈ ಹೊಸ್ತಿಲು ದಾಟಾಕೆ ಬಿಡಲ್ಲ ನೋಡು. ಮತ್ತೆ, ನಿರ್ಮಾಲ್ಯನ ಯಾರಾದ್ರೂ ತುಳಿಯೋ ಕಡೆ ಹಾಕಬ್ಯಾಡ.”

“ಅಲ್ಲಿ ತುಳಿಯಾಕೆ ಯಾರವ್ರೆ? ಕರಡಿನಾ?” ಎಂದರು ಮುರುಗಪ್ಪ.

“ನೀವು ಸುಮ್ನಿರ್ರಿ. ಕರಡಿನೂ ತುಳೀಬಾರದು!”

ಹೀಗೆ ಷರತ್ತು ಹಾಕಿಯೇ ಆ ತಾಯಿ ವಿಭೂತಿಗಟ್ಟಿಯನ್ನೂ ಒಣಗಿಸಿದ ಬಿಲ್ವಪತ್ರೆಯನ್ನೂ ಬಟ್ಟೆಯಲ್ಲಿ ಕಟ್ಟಿ, ಡಬ್ಬಿ ತುಂಬ ಚಕ್ಕುಲಿ ಇಟ್ಟು ಮಗಳನ್ನು ರೈಲು ಹತ್ತಿಸಿದರು.

ಹಿಮನದಿಯ ಮೇಲೆ ಕೆಲಸ ನೋಡಲು ಸರಳ, ಮಾಡಲು ಕಠಿಣ. ಅಲ್ಲಲ್ಲಿ ಹಿಮವನ್ನು ಆಳಕ್ಕೆ ಕೊರೆದು ಬಿದಿರಿನ ಕೋಲು ನೆಟ್ಟಿರುತ್ತಾರೆ. ಬಿಸಿಲಿಗೆ ಹಿಮ ಕರಗಿದಂತೆಲ್ಲ ಕೋಲು ಹೊರಗೆ ಕಾಣುವ ಉದ್ದ ಹೆಚ್ಚುತ್ತದೆ. ಅದನ್ನು ಅಳೆದರೆ ಎಷ್ಟು ಹಿಮ ನೀರಾಗಿ ಹೋಯಿತೆಂಬ ಲೆಕ್ಕ ಸಿಗುತ್ತದೆ. ಕೋಲಿನ ಬುಡವನ್ನು ಯಾರೂ ತುಳಿಯಕೂಡದು ಎಂಬುದು ತಂಡದ ಮುಖ್ಯಸ್ಥರ ಕಟ್ಟಪ್ಪಣೆ. ಹಿಂದಿನ ವರ್ಷ ಕೋಲು ಅಲುಗಿಸಿದ ವಿದ್ಯಾರ್ಥಿಯೊಬ್ಬನನ್ನು ಅವರು ಈ ವರ್ಷ ತಂಡಕ್ಕೆ ಸೇರಿಸಿಕೊಂಡೇ ಇರಲಿಲ್ಲ.

ಬೆರಳು ಮರಗಟ್ಟುವ ಆ ಬೆಳಗುಗಳಲ್ಲಿ ಸಹನಾ ಹಿಮ ಕರಗಿಸಿದ ಉಗುರುಬೆಚ್ಚನೆಯ ನೀರಿನಿಂದ ಅಂಗೈಯ ಲಿಂಗಕ್ಕೆ ಮಜ್ಜನ ಮಾಡಿಸುತ್ತಿದ್ದಳು. ಪೂಜೆಯಾಗದೆ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಊರಿನಲ್ಲಾದರೆ ನಿರ್ಮಾಲ್ಯ ಹಿತ್ತಲಿನ ಕಣಗಿಲೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಗಿಡವೆಲ್ಲಿ? ಯಾರೂ ತುಳಿಯದ ಜಾಗವೆಂದರೆ ಡೇರೆಗೆ ಹತ್ತಿರದ ಬಿದಿರುಕೋಲಿನ ಬುಡವೊಂದೇ. ಇಲ್ಲಿಯೂ ಒಂದು ಕಣಗಿಲೆ ದೊರೆಯಿತಲ್ಲ ಎಂದು ಹಿಗ್ಗಿ, ವಿಭೂತಿ ಬೆರೆತ ನೀರನ್ನೂ ಬಿಲ್ವವನ್ನೂ ದಿನವೂ ಅಲ್ಲಿಗೇ ಅರ್ಪಿಸಿದಳು.

“ಏನಮ್ಮ ಸಹನಾ, ಶಿವ ಇಲ್ಲೇ ಮನೆ ಮಾಡ್ಕಂಡವ್ನೆ ಅಂತಾರೆ. ನೀನು ಬೇರೆ ಅಂಗೈಯಾಗೆ ಇಟ್ಕಂಡು ಬಂದಿಯಾ?” ಎಂದು ಚೇತನ್ ಕಾಡುತ್ತಿದ್ದ.

“ದಾರಿ ತಪ್ಪಬಾರದು ಅಂತ ಜೊತೇಲೇ ಕರ್ಕಂಡು ಬಂದೀನಿ. ನಿನ್ನ ಮೇಷ್ಟ್ರ ನಕ್ಷೆಗಿಂತ ವಾಸಿ.”

ಅಳತೆಯ ದಿನ ಬಂದಿತು. ಉಳಿದ ಕೋಲುಗಳೆಲ್ಲ ಒಂದೇ ಬಗೆಯ ಲೆಕ್ಕ ಹೇಳಿದರೆ ಡೇರೆಯ ಹತ್ತಿರದ ಕೋಲು ಬಹಳ ಹೆಚ್ಚು ಹೇಳಿತು. ಇಲ್ಲಿ ಹಿಮವೇಕೆ ಇಷ್ಟು ಬೇಗ ಕರಗುತ್ತಿದೆ ಎಂದು ಮುಖ್ಯಸ್ಥರು ತಲೆ ಕೆಡಿಸಿಕೊಂಡರು. ಸಹನಾ ಮತ್ತೊಮ್ಮೆ ಟೇಪು ಹಿಡಿಯಲೆಂದು ಮಂಡಿಯೂರಿದಳು. ಕೋಲಿನ ಸುತ್ತ ಬೂದುಬಣ್ಣದ ಗುಳಿ. ಅದರ ಅಂಚಿನಲ್ಲಿ ಒಂದು ಬಿಲ್ವಪತ್ರೆ ತನ್ನ ಮೂರು ದಳಗಳ ಆಕಾರವನ್ನೇ ಹಿಮದಲ್ಲಿ ಕೊರೆದುಕೊಂಡು ಕೆಳಗಿಳಿದಿತ್ತು.

ಅಪ್ಪನ ಅಂಗಡಿಯ ಮಂಜುಗಡ್ಡೆ ಅವಳ ಕಣ್ಣ ಮುಂದೆ ಬಂದಿತು. ಒಣಗಿ ಕಪ್ಪಾದ ಎಲೆಯೂ ಬೂದಿಯೂ ಬಿಸಿಲನ್ನು ಹೀರಿ ಹಿಮವನ್ನು ಕರಗಿಸಿದ್ದವು. ತನ್ನ ಭಕ್ತಿಯೇ ಕೋಲಿನ ಲೆಕ್ಕವನ್ನು ಕೆಡಿಸಿತ್ತು.

“ಬಾಯಿ ಮುಚ್ಕಂಡಿರು,” ಎಂದ ಚೇತನ್ ಪಿಸುಮಾತಿನಲ್ಲಿ. “ಗಾಳಿಗೆ ಧೂಳು ಬಂತು ಅಂದ್ರಾಯ್ತು. ಇಲ್ಲಾಂದ್ರೆ ಮುಂದಿನ ವರ್ಷ ನೀನು ಅಪ್ಪಾಜಿ ಜೊತೆ ಮಂಡಕ್ಕಿ ಮಾರ್ತಿರ್ತೀಯ.”

“ಬೆಳಗ್ಗೆ ಲಿಂಗ ಹಿಡಿದ ಕೈಯಾಗೆ ಮಧ್ಯಾಹ್ನ ಸುಳ್ಳು ಬರೀಲೇನೋ?”

ನೇರವಾಗಿ ಹೋಗಿ ಹೇಳಿದಳು. ಮುಖ್ಯಸ್ಥರು ಮಂಡಿಯೂರಿ ಗುಳಿಯನ್ನು ಪರೀಕ್ಷಿಸಿದರು. ಆ ಕೋಲಿನ ಲೆಕ್ಕ ಬಿಡಬೇಕು, ಬೇರೊಂದು ಕೋಲು ನೆಡಬೇಕು, ಹಿಮದ ಮೇಲೆ ಇನ್ನೊಂದು ಎಲೆಯೂ ಬೀಳಕೂಡದು ಎಂದರು. ಅವಳನ್ನು ಮುಂದಿನ ವರ್ಷ ಕರೆತರುವ ವಿಚಾರ ಆಮೇಲೆ ನೋಡೋಣ ಎಂದಷ್ಟೇ ಹೇಳಿ ಎದ್ದರು.

ಒಂದು ಕಡೆ ಗುರುವಿನ ಅಪ್ಪಣೆ, ಇನ್ನೊಂದು ಕಡೆ ತಾಯಿಗೆ ಕೊಟ್ಟ ಮಾತು. ಎರಡನ್ನೂ ಉಳಿಸಿಕೊಳ್ಳುವ ದಾರಿಯನ್ನು ದೇವರು ಚಕ್ಕುಲಿ ಡಬ್ಬಿಯಲ್ಲಿಟ್ಟಿದ್ದ! ಮರುದಿನದಿಂದ ಪೂಜೆಯ ನೀರನ್ನೆಲ್ಲ ಹನಿ ಬಿಡದೆ ಪಾದೋದಕವೆಂದು ತಾನೇ ಸೇವಿಸಿದಳು. ಬಿಲ್ವವನ್ನು ಖಾಲಿಯಾಗಿದ್ದ ಡಬ್ಬಿಗೆ ಸೇರಿಸಿದಳು. ಬಿಡುವಾದಾಗ ಹಳೆಯ ಗುಳಿಯ ಆಳವನ್ನೂ ಪಕ್ಕದ ಶುಭ್ರವಾದ ಹಿಮವನ್ನೂ ಅಳೆದಳು. ತೆಳುವಾದ ಬೂದಿ ಹಿಮವನ್ನು ಎಷ್ಟು ಕರಗಿಸುತ್ತದೆ, ದಪ್ಪವಾದರೆ ಕರಗದಂತೆ ಎಷ್ಟು ಕಾಪಾಡುತ್ತದೆ? ಕೆಡಿಸಿದ್ದನ್ನು ಕೆಡಿಸಿದ್ದಕ್ಕೇ ಬಿಡದೆ ಅದರಿಂದ ಕಲಿಯುವುದು ಕೂಡ ಒಂದು ಪೂಜೆಯಲ್ಲವೇ? ಮುಖ್ಯಸ್ಥರು ನೋಡಿಯೂ ನೋಡದಂತಿದ್ದರು. ಬೆಟ್ಟವಿಳಿಯುವ ದಿನ ಮಾತ್ರ ಅವಳನ್ನು ಕರೆದು, ಕೋಲುಗಳಿಂದ ದೂರದಲ್ಲಿ ಒಂದು ಮೂಲೆಯ ಹಿಮ ಬಿಟ್ಟುಕೊಡುವೆ, ಮುಂದಿನ ವರ್ಷ ಬಂದು ಬೂದಿಯನ್ನೇ ಅಭ್ಯಾಸ ಮಾಡು ಎಂದರು.

ಇನ್ನು ಉಳಿದದ್ದು ಹೊಸ್ತಿಲಿನ ತೀರ್ಪು.

ಮನೆಯಲ್ಲಿ ವೀರಮ್ಮನವರು ತೊಳೆಯಲೆಂದು ಡಬ್ಬಿಯ ಮುಚ್ಚಳ ತೆಗೆದರು. “ಇದೇನೇ ಇದು, ಚಕ್ಕುಲಿ ಡಬ್ಬಿಯಾಗೆ?”

“ನಿರ್ಮಾಲ್ಯ ಕಣವ್ವ. ಹಾಕಾಕೆ ಜಾಗ ಇರ್ಲಿಲ್ಲ.” ಸಹನಾ ಗುಳಿಯ ಕಥೆಯನ್ನೂ ಬಚ್ಚಿಡದೆ ಹೇಳಿದಳು. ತಾಯಿಯ ಮುಖ ನೋಡಲು ಧೈರ್ಯವಾಗದೆ ಡಬ್ಬಿಯನ್ನೇ ನೋಡುತ್ತಿದ್ದಳು.

ವೀರಮ್ಮ ಒಂದು ಒಣ ಎಲೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. “ಗಿಡ ಇಲ್ಲದ ಕಡೆ ಏನು ಮಾಡಬೇಕು ಅಂತ ನಾನೂ ಹೇಳಿಕೊಡ್ಲಿಲ್ಲ ಬಿಡು,” ಎಂದರು. “ಅಷ್ಟು ದೂರದಿಂದ ಹೊತ್ಕಂಡು ಬಂದಿಯಲ್ಲೇ! ಬಾ, ಗಿಡಕ್ಕೆ ಹಾಕಾಣ.”

“ಕರಡಿ ತುಳೀಲಿಲ್ಲ ತಾನೆ?” ಎಂದು ಒಳಗಿನಿಂದ ಮುರುಗಪ್ಪ ಕೇಳಿದರು. ಈ ಸಲ ವೀರಮ್ಮನವರೂ ನಕ್ಕುಬಿಟ್ಟರು.

ಅಂದು ತಾಯಿ ಮಗಳು ಇಬ್ಬರೂ ಕಣಗಿಲೆಯ ಬುಡಕ್ಕೆ ಬಿಲ್ವ ಹಾಕಿ, ನೀರೆರೆದು, ಕೈಮುಗಿದು ಬಂದರು. ತೊಳೆದ ಡಬ್ಬಿ ಬಿಸಿಲಿಗೆ ಬಂದಿತು. ಮಧ್ಯಾಹ್ನ ನೆರೆಮನೆಯ ಮುದ್ದಕ್ಕ ಬಂದವರು ಅದನ್ನು ಕಂಡು, “ಡಬ್ಬಿ ಚೆನ್ನಾಗೈತಲ್ಲೇ ವೀರಮ್ಮ, ನಿಪ್ಪಟ್ಟು ಹಾಕಿಡಾಕೆ ಕೊಡ್ತೀಯಾ?” ಎಂದರು.

“ಬೇರೆ ಡಬ್ಬಿ ತಗಳ್ರಿ ಮುದ್ದಕ್ಕ,” ಎಂದರು ವೀರಮ್ಮ, ಅದನ್ನು ಸೆರಗಿನಿಂದ ಒರೆಸುತ್ತ. “ಇದು ಬರೋ ವರ್ಷ ಹಿಮಾಲಯಕ್ಕೆ ಹೋಗಬೇಕು.”