ಜಲಪಾತಕ್ಕೆ ತಿರುಗಿದ ಕನ್ನಡಿ

"ಏಯ್, ಕೋತಿ ಥರ ಕಂಬ ಹತ್ತಿದ್ದೀಯಲ್ಲ, ಇಳಿಯೋ! ನಿನ್ನ ಮೂತಿ ನೋಡೋಕಾ ನಾವು ಇಷ್ಟು ದೂರ ಬಂದಿರೋದು?"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ರಸ್ತೆಯ ಕಡಿದಾದ ತಿರುವಿನಲ್ಲೇ ಕಾರು ನಿಲ್ಲಿಸಿಕೊಂಡ ಯುವಕ ಹೀಗೆ ಕೂಗುತ್ತಾನೆ. ಪಕ್ಕದಲ್ಲಿ ಹೊಸ ಹೆಂಡತಿ, ಹಿಂದೆ ವ್ಯಾನಿನಿಂದ ಇಳಿದ ಪ್ರವಾಸಿಗಳು. ಎಲ್ಲರೂ ಗೊಳ್ಳೆಂದು ನಗುತ್ತಾರೆ. ಕಂಬದ ಮೇಲಿರುವಾತ ಮಾತ್ರ ಒದ್ದೆ ಬಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಸ್ಪ್ಯಾನರ್ ತಿರುಗಿಸುತ್ತಲೇ ಇದ್ದಾನೆ.

ಬಸ್ ಚಾಲಕರ ಬಾಯಲ್ಲಿ ಈತ ಕನ್ನಡಿಯಣ್ಣ. ಬೆಟ್ಟದಿಂದ ಕಡಲ ಊರಿಗೆ ಇಳಿಯುವ ಈ ರಸ್ತೆಯ ತಿರುವು ತಿರುವಿಗೂ, ಎದುರಿನ ವಾಹನ ಕಾಣಲೆಂದು, ಒಂದೊಂದು ಉಬ್ಬುಗನ್ನಡಿ ನೆಟ್ಟಿದ್ದಾರೆ. ಮಂಜು ಕೂತು ಕುರುಡಾದ ಆ ಕನ್ನಡಿಗಳನ್ನು ಮೊದಲ ಬಸ್ಸಿಗೆ ಮುಂಚೆ ಒರೆಸಿಡುವುದು ಈತನ ಕೂಲಿ. ಅಷ್ಟೇ ಆಗಿದ್ದರೆ ಗೊಣಗುತ್ತಿರಲಿಲ್ಲ. ಆದರೆ ಬೆಟ್ಟ, ಜಲಪಾತ, ಕಡಲು ಎಂದು ಹೊರಟ ಜೋಡಿಗಳಿಗೆ ಇಲ್ಲೊಂದು ಹುಚ್ಚು ಹಿಡಿದಿದೆ. ಕನ್ನಡಿಯನ್ನು ಬಲವಾಗಿ ತಿರುಚಿದರೆ ಎದುರಿನ ಜಲಪಾತವೂ ತಮ್ಮಿಬ್ಬರ ಮುಖವೂ ಅದರಲ್ಲಿ ಒಟ್ಟಿಗೆ ಕಾಣುತ್ತವಂತೆ. ತಿರುಚುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಹೊರಟುಬಿಡುತ್ತಾರೆ. ಕನ್ನಡಿ ಜಲಪಾತ ನೋಡುತ್ತ ನಿಲ್ಲುತ್ತದೆ. ರಸ್ತೆಯನ್ನು ನೋಡುವವರು ಯಾರು?

"ಮೊನ್ನೆ ಒಂದು ಲಾರಿ ಬಸ್ಸಿನ ಮೈ ಸವರಿಕೊಂಡು ಹೋಯ್ತು ಸ್ವಾಮಿ. ಆ ಕಿಟಕಿ ಪಕ್ಕ ಕೂತಿದ್ದೋಳು ನನ್ನ ಹೆಂಡ್ತಿ," ಎನ್ನುತ್ತಾನೆ.

ಆಕೆ ದಿನವೂ ಮೊದಲ ಬಸ್ಸಿಗೆ ಕಡಲ ಊರಿನ ವಸತಿಗೃಹಕ್ಕೆ ಹೋಗಿ, ಇದೇ ಜೋಡಿಗಳು ಮಲಗೆದ್ದ ಹೊದಿಕೆಗಳನ್ನು ಒಗೆಯುತ್ತಾಳೆ. "ಕಿಟಕಿ ಬಿಟ್ಟು ಕೂತ್ಕೋ ಅಂತ ಇವರು ಪ್ರಾಣ ತಿಂತಾರೆ. ಗಾಳಿ ಇಲ್ದಿದ್ರೆ ನಂಗೆ ವಾಂತಿ. ಏನ್ ಮಾಡ್ಲಿ ಹೇಳಿ?" ಎನ್ನುತ್ತಾಳೆ.

ರಸ್ತೆ ಇಲಾಖೆಯ ಕಚೇರಿಗೆ ಅಲೆದು ಚಪ್ಪಲಿ ಸವೆದದ್ದೇ ಬಂತು. "ನಟ್ಟಿಗೆ ಬೆಸುಗೆ ಹಾಕ್ಸಿ ಅಂದ್ರೆ, ಕನ್ನಡಿ ಒಡೆದಾಗ ಬಿಚ್ಚೋದು ಹೇಗಯ್ಯಾ ಅಂತಾರೆ! ಕೊನೆಗೆ 'ಮುಟ್ಟಬೇಡಿ' ಅಂತ ಒಂದು ಬೋರ್ಡು ಕೊಟ್ರು. ಈಗ ಅದರ ಮೇಲೆ ಕಾಲಿಟ್ಟು ಹತ್ತಿ ತಿರುಗಿಸ್ತಾರೆ," ಎಂದು ಹಣೆ ಚಚ್ಚಿಕೊಳ್ಳುತ್ತಾನೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ರೇಗುತ್ತಾನೆ. "ಆಸೆ ಗೀಸೆ ಏನೂ ಇಲ್ಲ. ಬೆಳಿಗ್ಗೆ ಸರಿ ಮಾಡಿಟ್ಟ ಕನ್ನಡಿ, ಸಂಜೆ ಅವಳು ಮನೆಗೆ ಬರೋ ತನಕ ಹಾಗೇ ಇರ್ಲಿ. ಅಷ್ಟು ಸಾಕು."

ಮೇಲಿನಿಂದ ಮೊದಲ ಬಸ್ಸಿನ ಹಾರ್ನ್ ಕೇಳುತ್ತದೆ. ಕೊನೆಯ ಸುತ್ತು ಬಿಗಿದು ಆತ ಕೆಳಗೆ ಜಿಗಿಯುತ್ತಾನೆ. ತಿರುವಿನಾಚೆ ನಿಂತ ಕಾರು ಕನ್ನಡಿಯಲ್ಲಿ ಕಂಡದ್ದೇ ತಡ, ಚಾಲಕ ಬ್ರೇಕ್ ಒತ್ತುತ್ತಾನೆ. ಬಸ್ಸು ಕಿರುಚಿಕೊಂಡು, ಕಾರಿಗೆ ಇನ್ನೇನು ಮುತ್ತಿಡಬೇಕು ಎನ್ನುವಷ್ಟರಲ್ಲಿ ನಿಲ್ಲುತ್ತದೆ. ಯುವಕನ ಮುಖ ಬಿಳಿಚಿಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಒಂದು ಕೈ ಹೊರಬರುತ್ತದೆ. ಕೈಯಲ್ಲಿ ಡಬ್ಬಿ.

"ಊಟ ಬಿಟ್ಟು ಬಂದಿದ್ದೀರಲ್ರೀ! ಕನ್ನಡಿ ತಿಂತೀರಾ ಮಧ್ಯಾಹ್ನ?"

"ಕಿಟಕಿ ಬಿಡು ಅಂದ್ರೆ ಕೇಳಲ್ವಲ್ಲ ನೀನು!" ಎಂದು ಆತ ಡಬ್ಬಿ ಇಸಿದುಕೊಳ್ಳುತ್ತಾನೆ.

ಕಾರು ಬದಿಗೆ ಸರಿಯುತ್ತದೆ, ಬಸ್ಸು ಇಳಿದು ಮರೆಯಾಗುತ್ತದೆ. ಯುವಕನಿಗೆ ಉಸಿರು ಮರಳುತ್ತದೆ, ಅದರ ಹಿಂದೆಯೇ ಫೋಟೋ ನೆನಪೂ.

"ಹೋಗ್ಲಿ ಬಿಡಣ್ಣ. ಮುಂದಿನ ತಿರುವಲ್ಲೂ ಇಂಥ ಕನ್ನಡಿ ಇದೆಯಾ?"

ಕನ್ನಡಿಯಣ್ಣ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ತಿರುವಿನತ್ತ, ಎಂದಿಗಿಂತ ಬಿರುಸಾಗಿ ನಡೆಯತೊಡಗುತ್ತಾನೆ.