ಮನೆಮಂದಿಯ ಪಾಠ

ನನ್ನ ಮಗಳನ್ನು ನನ್ನ ಹೆಂಡತಿಯ ತಮ್ಮನಿಗೆ ಕೊಟ್ಟವನು ನಾನೇ. ಆ ಸಂಬಂಧವನ್ನು ಹತ್ತು ಮಂದಿಯ ಎದುರು ನಗೆಪಾಟಲು ಮಾಡಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಇಟ್ಟುಕೊಂಡರೆ ಹೇಳದೆಯೇ ಮುಗಿಸಿಬಿಡುವ ಚಾಳಿ ನನಗಿದೆ.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಬಸವಕಲ್ಯಾಣದಲ್ಲಿ ವಕೀಲರೊಬ್ಬರ ಬಳಿ ಟೈಪಿಸ್ಟನಾಗಿ ಕೂದಲು ಬೆಳ್ಳಗೆ ಮಾಡಿಕೊಂಡೆ. ಇಂಗ್ಲಿಷು ನನಗೆ ಬಂದದ್ದು ಶಾಲೆಯಿಂದಲ್ಲ, ಟೈಪು ಮಾಡಿದ ಅರ್ಜಿಗಳಿಂದ. ಕಣ್ಣು ಮಂದವಾಗಿ ಆ ಕೆಲಸ ಬಿಟ್ಟ ಮೇಲೆ ಸಂಜೆ ಹೊತ್ತು ಮನೆಯ ಪಡಸಾಲೆಯಲ್ಲಿ ಇಂಗ್ಲಿಷ್ ಕ್ಲಾಸು ಶುರು ಮಾಡಿದೆ. ಒಂದು ಕರಿಹಲಗೆ, ಎರಡು ಜಮಖಾನೆ. ಬರುತ್ತಿದ್ದವರು ಎಬಿಸಿಡಿ ಬಲ್ಲವರು, ಆದರೆ ಒಂದು ಮಾತು ಆಡಲು ಬಾರದವರು. ಲಾರಿಯ ಬಿಡಿಭಾಗ ಮಾರುವ ಅಂಗಡಿಯವನೊಬ್ಬ, ಬುರ್ಖಾ ಹೊಲಿಯುವ ಮುಸಲ್ಮಾನರ ಮನೆಯ ಹೆಣ್ಣುಮಗಳೊಬ್ಬಳು, ಓಣಿಯ ಕೆಲವು ಸೊಸೆಯಂದಿರು.

ವ್ಯಾಕರಣದಿಂದ ಹಿಡಿದರೆ ಇವರು ಎರಡನೆಯ ವಾರಕ್ಕೇ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೆ ಮನೆಯಿಂದ ಹಿಡಿದೆ. ನಿಮ್ಮ ಮನೆಯಲ್ಲಿ ಮೊದಲು ಏಳುವವರು ಯಾರು, ಕಡೆಗೆ ಉಣ್ಣುವವರು ಯಾರು, ಯಾರು ಯಾರಿಗೆ ಹೆದರುತ್ತಾರೆ, ಇದನ್ನೇ ಇಂಗ್ಲಿಷಿನಲ್ಲಿ ಹೇಳಿರಿ ಎನ್ನುತ್ತಿದ್ದೆ. ಮೊದಲು ಏಳುವವಳೂ ಕಡೆಗೆ ಉಣ್ಣುವವಳೂ ಎಲ್ಲ ಮನೆಗಳಲ್ಲಿ ಒಬ್ಬಳೇ ಆಗಿದ್ದರಿಂದ ಆ ವಾಕ್ಯ ಎಲ್ಲರಿಗೂ ಬೇಗ ಬಾಯಿಗೆ ಬಂತು. ಆಮೇಲೆ ಇಂಗ್ಲಿಷರ ದೇಶದ ರೀತಿ, ನಮ್ಮ ರೀತಿ ಹೋಲಿಸಿ ಹೇಳುತ್ತಿದ್ದೆ. ಅಲ್ಲಿ ಮನೆಯವರಿಗೂ ಥ್ಯಾಂಕ್ಸ್ ಹೇಳುತ್ತಾರೆ ಎಂದು ಕಲಿಸಿದ ಮರುದಿನ ಅಂಗಡಿಯವನು ಮುಖ ಸಣ್ಣದು ಮಾಡಿಕೊಂಡು ಬಂದ.

"ಸರ್ರ, ಚಾ ಕೊಟ್ಟಾಗ ನಮ್ಮವ್ವಗ ಥ್ಯಾಂಕ್ಸ್ ಅಂದೆ. ಯಾಕೋ, ನಾ ಪರಕೀಯಾಕಿ ಆದೆನೇನು, ಹಾಂಗಿದ್ರ ಚಾದ ರೊಕ್ಕಾನೂ ಇಟ್ಟು ಹೋಗು ಅಂದ್ಳು."

ಎಲ್ಲರೂ ನಕ್ಕರು. ಆ ನಗು ನನಗೆ ರುಚಿ ಹತ್ತಿತು. ವಕೀಲರ ಕೋಣೆಯಲ್ಲಿ ನನ್ನ ಮಾತಿಗೆ ಯಾರೂ ಎಂದೂ ನಕ್ಕಿರಲಿಲ್ಲ. ಅಲ್ಲಿ ನಾನು ಬೆರಳುಗಳು ಮಾತ್ರ ಇದ್ದ ಮನುಷ್ಯ. ಇಲ್ಲಿ ನಾನು ಬಾಯಿ ತೆರೆದರೆ ಹತ್ತು ಮುಖಗಳು ನನ್ನ ಕಡೆ ತಿರುಗುತ್ತಿದ್ದವು.

ಮಗಳನ್ನು ಹುಮನಾಬಾದಿಗೆ ಕೊಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಅಳಿಯ ಅಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ತಾಯಿ ಬೇಗ ತೀರಿಕೊಂಡದ್ದರಿಂದ ನನ್ನ ಹೆಂಡತಿಯೇ ಅವನನ್ನು ಸಾಕಿದ್ದಳು. ನಮ್ಮ ಮನೆಯಲ್ಲೇ ಬೆಳೆದ ಹುಡುಗ. ಮಗಳು ಹುಟ್ಟಿದಾಗಲೇ ನೆಂಟರು, ಹುಡುಗ ಮನೆಯಲ್ಲೇ ಇದ್ದಾನಲ್ಲ, ಇನ್ನೆಲ್ಲಿ ಹುಡುಕುತ್ತೀರಿ ಎಂದಿದ್ದರು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನನ್ನ ತಾಯಿಯೂ ಹಾಗೆಯೇ ಬಂದವಳು. ನಿಶ್ಚಯದ ಹಿಂದಿನ ದಿನ ಮಗಳು ನನ್ನ ಹತ್ತಿರ ಬಂದು ನಿಂತಳು.

"ಅಪ್ಪಾ, ಮಾಮಾ ಅಂತ ಕರೆದೀನಿ ಇಷ್ಟು ದಿನ. ಇನ್ನ ಮ್ಯಾಲ ಏನಂತ ಕರೀಲಿ?"

"ಕರೀಬ್ಯಾಡ. ಯಾವ ಹೆಣ್ಮಗಳು ಗಂಡನ್ನ ಕರೀತಾಳ?" ಎಂದೆ.

ಅವಳು ಬೇಡ ಎನ್ನಲು ಬಂದಿದ್ದಳು. ನನಗೆ ತಿಳಿದಿತ್ತು. ತಿಳಿಯದವನಂತೆ ಉತ್ತರ ಕೊಟ್ಟೆ.

ಆದರೂ ಅವರ ಸಂಸಾರ ಕೆಟ್ಟಿರಲಿಲ್ಲ, ಇದನ್ನೂ ಹೇಳಬೇಕು. ಅವನು ಮೆತ್ತಗಿನ ಮನುಷ್ಯ. ಅವಳು ಅವನೊಡನೆ ನಗುತ್ತಿದ್ದಳು, ಜಗಳವಾಡುತ್ತಿದ್ದಳು, ಅಂಗಡಿಯಲ್ಲಿ ಪಕ್ಕದಲ್ಲಿ ಕೂಡುತ್ತಿದ್ದಳು. ಅವರ ಮಗ ಶಾಲೆಗೆ ಹೋಗತೊಡಗಿದ ಮೇಲೆ ಅವಳಿಗೆ ಹಗಲು ಖಾಲಿಯಾಯಿತು. ಹುಮನಾಬಾದಿನ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುವ ಕೆಲಸ ಇದೆಯೆಂದು ಗೊತ್ತಾಯಿತು. ಅವಳು ಪಿಯುಸಿ ಪಾಸಾದವಳು. ಮಾತು ಬಂದರೆ ಸಾಕು ಎಂದಿದ್ದರಂತೆ. ಗಂಡನೇ ಅವಳನ್ನು ನಮ್ಮ ಮನೆಗೆ ಕರೆತಂದು ಬಿಟ್ಟ.

"ಭಾವಾ, ನಿಮ್ಮ ಕೈಯಾಗ ಒಂದ್ ತಿಂಗಳು ಇರ್ಲಿ. ಅಕಿಗೆ ಇದು ಭಾಳ ಆಸೆ ಅದ."

ನಿಜವಾಗಿಯೂ ಆಸೆಯಿತ್ತು. ರೊಟ್ಟಿ ಬಡಿಯುವಾಗಲೂ ತುಟಿ ಆಡಿಸುತ್ತಿದ್ದಳು. ನನ್ನ ಕ್ಲಾಸಿನಲ್ಲಿ ಅವಳಷ್ಟು ಬೇಗ ಕಲಿತವರು ಬೇರೆ ಯಾರೂ ಇಲ್ಲ. ಬಾಗಿಲ ಹತ್ತಿರ, ಗೋಡೆಗೆ ಒರಗಿ ಕೂಡುತ್ತಿದ್ದಳು. ನನ್ನ ಗಂಡ ಒಳ್ಳೆಯವರು, ಅವರು ರೈತರಿಗೆ ಬೀಜ ಮಾರುತ್ತಾರೆ, ನಾನು ಅವರಿಗೆ ಲೆಕ್ಕದಲ್ಲಿ ಸಹಾಯ ಮಾಡುತ್ತೇನೆ ಎಂದು ತಡೆಯಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದ ದಿನ ಹೊಲಿಗೆಯ ಹೆಣ್ಣುಮಗಳು, "ಸರ್, ಇವ್ರೇ ನಮಗ ಕಲಿಸ್ಲಿ, ನೀವ್ ಚಾ ಕುಡೀರಿ" ಎಂದಳು.

ಆಮೇಲಿನ ವಾರ ಮನೆಮಂದಿಯ ಪಾಠ ಬಂತು. ಹಲಗೆಯ ಮೇಲೆ ಸಂಬಂಧಗಳನ್ನು ಬರೆದೆ. ತಂದೆಯ ಕಡೆಯ ಕಾಕಾ, ತಾಯಿಯ ಕಡೆಯ ಮಾಮಾ, ಇಬ್ಬರಿಗೂ ಇಂಗ್ಲಿಷರಲ್ಲಿ ಅಂಕಲ್ ಎಂದೇ ಅನ್ನುತ್ತಾರೆ ಎಂದೆ.

"ಹಾಂಗಾದ್ರ ಲಗ್ನ ಯಾರ ಜೋಡಿ ಆಗ್ಬೇಕು, ಯಾರ ಜೋಡಿ ಆಗ್ಬಾರ್ದು ಅಂತ ಅವ್ರಿಗೆ ಹ್ಯಾಂಗ ತಿಳೀತದ?" ಅಂಗಡಿಯವನು ಕೇಳಿದ.

"ನಮ್ಮಲ್ಲಿ ಕಾಕಾನ ಮಗಳು ನಡೀತದ," ಹೊಲಿಗೆಯ ಹೆಣ್ಣುಮಗಳು ಹೇಳಿದಳು. "ಖುದ್ದ ಮಾಮಾ ಮಾತ್ರ ಇಲ್ರಿ."

"ನಮ್ಮಲ್ಲಿ ಖುದ್ದ ಮಾಮಾನೇ ನಡೀತದ, ಕಾಕಾನ ಮಗಳು ತಂಗಿ," ಎಂದ ಅವನು. ಜಗಳವಿಲ್ಲ, ಇಬ್ಬರೂ ನಗುತ್ತಲೇ ಇದ್ದರು. ಅಲ್ಲಿಗೇ ಬಿಟ್ಟಿದ್ದರೆ ಅದೊಂದು ಒಳ್ಳೆಯ ಪಾಠವಾಗಿರುತ್ತಿತ್ತು. ಒಂದೊಂದು ಮನೆಗೆ ಒಂದೊಂದು ರೀತಿ ಎಂದು ಹೇಳಿ ಹಲಗೆ ಒರೆಸಬಹುದಿತ್ತು.

ನಾನು ಹಾಗೆ ಮಾಡಲಿಲ್ಲ. ಇಂಗ್ಲಿಷು ಬಲ್ಲವನ ಗತ್ತಿನಲ್ಲಿ ಹೇಳಿದೆ: "ಅವ್ರ ದೇಶದಾಗ ಇದನ್ನ ಕೇಳಿದ್ರ ಮೂಗು ಮುಚ್ಕೋತಾರ. ನಿನ್ನೆ ಹೆಗಲ ಮ್ಯಾಲ ಕೂಡಿಸ್ಕೊಂಡು ಬಜಾರ ತೋರಿಸಿದವ್ನ ಕೊರಳಿಗೆ ಇವತ್ತ ಮಾಲಿ ಹಾಕೋದು. ಅವ್ರು ಅಂಥಾದನ್ನ ದನದ ಕೊಟ್ಟಿಗ್ಯಾಗ ನೋಡ್ಯಾರ, ಮನಿಯಾಗ ನೋಡಿಲ್ಲ."

ಪಡಸಾಲೆ ನಕ್ಕಿತು. ಅಂಗಡಿಯವನು ತೊಡೆ ತಟ್ಟಿಕೊಂಡು ನಕ್ಕ. ಅವನಿಗೆ ನನ್ನ ಮನೆಯ ಸಂಬಂಧ ಗೊತ್ತಿರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳನ್ನು ಕಂಡ ಮೇಲಾದರೂ ಬಾಯಿ ಮುಚ್ಚಬೇಕಿತ್ತು. ನಗು ಇನ್ನೂ ನಡೆದಿತ್ತು, ಅದು ನಿಲ್ಲಬಾರದೆಂದು ಇನ್ನೊಂದು ಮಾತು ಸೇರಿಸಿದೆ. ಅದನ್ನು ಬರೆಯಲು ನನ್ನ ಕೈ ಒಪ್ಪುತ್ತಿಲ್ಲ. ಬಜಾರ ನೋಡಲು ಅವನ ಹೆಗಲೇರಿ ಹೋಗುತ್ತಿದ್ದ ಹುಡುಗಿ ಅವಳೇ. ಬೇರೆ ಉದಾಹರಣೆ ನನಗೆ ಎಲ್ಲಿಂದ ಬರಬೇಕು?

ಎಲ್ಲರೂ ಹೋದ ಮೇಲೆ ಹೆಂಡತಿ ಅಡುಗೆಮನೆಯಿಂದ ಬಂದಳು. "ನನ್ನ ತಮ್ಮ ನಿಮಗ ನಗಿಚಾಟಿಕಿ ಸಾಮಾನ ಆದ್ನೇನ್ರಿ?" ಎಂದಳಷ್ಟೇ. ಮಗಳು ಜಮಖಾನೆ ಮಡಚುತ್ತಿದ್ದಳು. ತಂದೆಯ ಮಾತು, ಮರೆಯುತ್ತಾಳೆ ಎಂದುಕೊಂಡೆ. ಅವಳು ಮರುದಿನವೂ ಕ್ಲಾಸಿಗೆ ಬಂದಳು, ಹೇಳಿದ್ದೆಲ್ಲ ಬರೆದುಕೊಂಡಳು. ನನಗೆ ನೆಮ್ಮದಿಯಾಯಿತು.

ತಿಂಗಳು ಮುಗಿದು, ಹುಮನಾಬಾದಿನ ಶಾಲೆಯ ಸಂದರ್ಶನಕ್ಕೆ ನಾನೇ ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ತೆರೆದೇ ಇತ್ತು. ಹೆಸರು, ಊರು, ಓದು ಎಲ್ಲವನ್ನೂ ಸರಿಯಾಗಿ ಹೇಳಿದಳು. ಅವಳ ಇಂಗ್ಲಿಷು ಕೇಳಿ ನನ್ನ ಎದೆ ಉಬ್ಬಿತು. ಆಮೇಲೆ ಮುಖ್ಯಶಿಕ್ಷಕಿ, ನಿಮ್ಮ ಕುಟುಂಬದ ಬಗ್ಗೆ ಹೇಳಿ ಎಂದರು. ಇದು ಅವಳಿಗೆ ಕಂಠಪಾಠ. ಒಳಗಿಂದ ಮಾತು ಬರಲಿಲ್ಲ. ಆ ಮುಖ್ಯಶಿಕ್ಷಕಿ ಒಳ್ಳೆಯವರು, ಧೈರ್ಯ ತುಂಬಲೆಂದೇ ನಗುತ್ತ, ಲವ್ ಮ್ಯಾರೇಜಾ, ಮನೆಯವರು ನೋಡಿ ಮಾಡಿದ್ದಾ ಎಂದು ಕೇಳಿದರು. ಕುರ್ಚಿ ಸರಿದ ಸಪ್ಪಳವಾಯಿತು.

"ಬ್ಯಾಡ್ರಿ ಮೇಡಂ," ಎಂದು ಕನ್ನಡದಲ್ಲಿ ಹೇಳಿ ಮಗಳು ಹೊರಗೆ ಬಂದಳು.

ರಸ್ತೆಯಲ್ಲಿ ನಾನು ಬೈದೆ. ಎಲ್ಲ ಬರುತ್ತಿದ್ದರೂ ಕೈಯಾರೆ ಕೆಡಿಸಿಕೊಂಡೆಯಲ್ಲ ಎಂದೆ. ಅವಳು ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ಅಲ್ಲಿ ನಿಂತು ಕೇಳಿದಳು:

"ಅಪ್ಪಾ, ಹೇಳಿದ ಮ್ಯಾಲ ಅವ್ರು ನಕ್ಕಿದ್ರ?"

"ಅವ್ರ್ಯಾಕ ನಗ್ತಾರ? ಓದಿದವ್ರು ಅದಾರ."

"ನೀನೂ ಓದಿದಾವನೇ. ನೀ ನಕ್ಕಿಯಲ್ಲ."

ಕಲ್ಯಾಣದ ಬಸ್ಸು ಬಂತು, ಹತ್ತಿದೆ. ಅವಳು ತನ್ನ ಮನೆ ಕಡೆ ನಡೆದಳು.

ಕ್ಲಾಸನ್ನು ಆ ತಿಂಗಳೇ ಮುಚ್ಚಿದೆ, ಕಣ್ಣಿನ ನೆವ ಹೇಳಿದೆ. ಅದರಿಂದ ಅವಳಿಗೇನೂ ಒಳ್ಳೆಯದಾಗಲಿಲ್ಲ. ಅವಳು ಅಂಗಡಿಗೆ ಹೋಗುವುದನ್ನು ಬಿಟ್ಟಳು. ಮದುವೆ ಮುಂಜಿಗಳಿಗೆ ಗಂಡನ ಜೊತೆ ಹೋಗುವುದನ್ನು ಬಿಟ್ಟಳು. ಯಾರಾದರೂ ಮೊದಲಿನ ನಂಟು ಎತ್ತಿದರೆ ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ಅಳಿಯ ಒಮ್ಮೆ ಕಲ್ಯಾಣಕ್ಕೆ ಬಂದವನು ನನ್ನನ್ನು ಪಕ್ಕಕ್ಕೆ ಕರೆದ.

"ಭಾವಾ, ಅಕಿಗೆ ಏನಾಗ್ಯಾದ ತಿಳೀವಲ್ದು. ನನ್ನ ಬಾಜೂಕ ನಿಂತು ಫೋಟೋ ಸುದ್ಧಾ ತೆಗಿಸ್ಕೊಳ್ಳಂಗಿಲ್ಲ. ನಾ ಏನ್ ತಪ್ಪು ಮಾಡೀನಿ?"

"ಮನಿ ಕೆಲಸ ಜಾಸ್ತಿ ಆಗಿರ್ಬೇಕು," ಎಂದೆ.

ನಾನು ಸಾಕಿದ ಹುಡುಗ ಅವನು. ತಪ್ಪು ನಿನ್ನದಲ್ಲ ಎನ್ನುವ ಒಂದು ಮಾತೂ ನನ್ನಿಂದ ಹೊರಡಲಿಲ್ಲ.

ಈ ವರ್ಷ ಮನ್ನಾಏಖೇಳ್ಳಿಯ ಒಂದು ಶಾಲೆಯವರು ಇಂಗ್ಲಿಷ್ ಬಲ್ಲ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದಾರೆಂದು ಕೇಳಿ ಹುಮನಾಬಾದಿಗೆ ಹೋದೆ. ಅಳಿಯ ಅಂಗಡಿಯಲ್ಲಿದ್ದ. ಮಗಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಶಾಲೆಯ ಮಾತು ಹೇಳಿದೆ.

"ಅಲ್ಲೂ ಕೇಳ್ತಾರ," ಎಂದಳು.

"ಅವತ್ತ ನಾ ಹಾಂಗ ಅನ್ನಬಾರದಿತ್ತು, ತಾಯಿ. ತಪ್ಪಾತು."

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿದಿತ್ತು. ಅವಳು ಕೈ ನಿಲ್ಲಿಸಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ನೀ ಅಂದಿದ್ದು ಸುಳ್ಳೇನು?"

ಅವಳು ರೊಟ್ಟಿ ತಿರುವಿ ಹಾಕಿದಳು.

"ಸುಳ್ಳಾದ್ರ ಯಾಕ ಅಂದಿ? ಖರೇ ಆದ್ರ ನನ್ನ ಯಾಕ ಕೊಟ್ಟಿ?"

ಸಿಟ್ಟಿನಿಂದ ಕೇಳಲಿಲ್ಲ. ಉತ್ತರ ಇದ್ದರೆ ತಿಳಿದುಕೊಳ್ಳೋಣ ಎನ್ನುವಂತೆ ಕೇಳಿದಳು. ಒಂದು ಮಾತು ಸಿಕ್ಕಿದ್ದರೆ ಬಹುಶಃ ಅವಳಿಗೂ ಆಧಾರವಾಗುತ್ತಿತ್ತು. ಸುಳ್ಳು ಎನ್ನೋಣವೆಂದರೆ, ಅವತ್ತು ಹಲಗೆಯ ಮುಂದೆ ನಿಂತಾಗ ಅದನ್ನು ಪೂರಾ ನಂಬಿಯೇ ಹೇಳಿದ್ದೆ. ಖರೆ ಎನ್ನೋಣವೆಂದರೆ, ಮದುವೆಯ ದಿನ ಧಾರೆ ಎರೆದ ಕೈಯೂ ನಂಬಿಯೇ ಎರೆದಿತ್ತು. ಎರಡೂ ನಾನೇ. ಇದನ್ನು ಮಗಳಿಗೆ ಯಾವ ಭಾಷೆಯಲ್ಲಿ ಹೇಳಬೇಕೋ ನನಗೆ ತಿಳಿಯಲಿಲ್ಲ.

"ಉಣ್ಣು ಬಾ, ಆರ್ತದ," ಎಂದಳು.

ಅಷ್ಟರಲ್ಲಿ ಅಳಿಯ ಊಟಕ್ಕೆ ಬಂದ. ನನ್ನನ್ನು ಕಂಡು ಅವನ ಮುಖ ಅರಳಿತು. ಕೈಕಾಲು ತೊಳೆದು ನನ್ನ ಎದುರು ಕೂತ. ಮಗಳು ಇಬ್ಬರಿಗೂ ಬಡಿಸಿ, ಅವನಿಂದ ದೂರ, ಒಲೆಯ ಪಕ್ಕಕ್ಕೆ ಸರಿದಳು. ಅವನು ಅವಳನ್ನೂ ನನ್ನನ್ನೂ ನೋಡಿದ.

"ಏನ್ ಮಾತಾಡಾಕತ್ತಿದ್ರಿ ಅಪ್ಪ ಮಗಳು?"

"ಏನಿಲ್ಲ," ಎಂದಳು ಅವಳು.

ಅವನು ನನ್ನ ಕಡೆ ತಿರುಗಿ ಕಾದ. ನಾನೂ ಏನಿಲ್ಲ ಎಂದೆ.