ಆರು ಗಂಟೆಯೊಳಗೆ ಸಾಯಬೇಕಾದ ದೊರೆ

ವಡೋದರದ ಮಂಜಲ್‌ಪುರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಉಡುಪಿ ಕಡೆಯವರ ಒಂದು ಹೋಟೆಲಿದೆ. ಮಧ್ಯಾಹ್ನ ಮೂರಕ್ಕೆ ಅದರ ಶಟರ್ ಅರ್ಧ ಇಳಿಯುತ್ತದೆ, ಸಂಜೆ ಆರಕ್ಕೆ ಮತ್ತೆ ಏಳುತ್ತದೆ. ತಿಂಗಳ ಎರಡನೇ ಭಾನುವಾರ ಆ ಮೂರು ಗಂಟೆಯೊಳಗೆ ಅಲ್ಲಿ ತಾಳಮದ್ದಳೆ ನಡೆಯುತ್ತದೆ. ನನ್ನ ಗಂಡ ಇಪ್ಪತ್ತೆರಡು ವರ್ಷ ಅಲ್ಲಿ ಅರ್ಥ ಹೇಳಿದರು. ಅವರು ತೀರಿಕೊಂಡು ಈಗ ಆರು ತಿಂಗಳು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಎದುರುಬದುರು ಕೂತವರು ಆ ಪದ್ಯಕ್ಕೆ ತಮ್ಮ ತಮ್ಮ ಮಾತು ಕಟ್ಟಿ ಹೇಳುತ್ತಾರೆ. ಅದೇ ಅರ್ಥ. ಬರೆದುಕೊಂಡು ಬರುವ ಹಾಗಿಲ್ಲ. ಎದುರಿನವನಿಗೆ ಇಂಥದ್ದು ಕೇಳುತ್ತೇನೆ ಎಂದು ಮೊದಲೇ ತಿಳಿಸುವ ಹಾಗೂ ಇಲ್ಲ. ಊರಿನಲ್ಲಾದರೆ ಒಂದು ಪ್ರಸಂಗಕ್ಕೆ ಆರೇಳು ಗಂಟೆ ಬೇಕು. ಇಲ್ಲಿ ಆರು ಗಂಟೆಗೆ ಗಿರಾಕಿಗಳು ಬರುವುದರಿಂದ ಕತೆಯಲ್ಲಿ ಸಾಯಬೇಕಾದವರು ಐದೂ ಮುಕ್ಕಾಲರೊಳಗೆ ಸಾಯಬೇಕು, ಹತ್ತು ನಿಮಿಷ ಮಂಗಳಕ್ಕೆ, ಐದು ನಿಮಿಷ ಮೇಜು ಸರಿಮಾಡಲಿಕ್ಕೆ. ಇದು ಹೋಟೆಲಿನ ಧಣಿಗಳ ಲೆಕ್ಕ. ಅವರೇ ನಮ್ಮ ಭಾಗವತರು.

ನನ್ನ ಗಂಡ ಯಾವಾಗಲೂ ಸಾಯುವ ಪಾತ್ರವನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರು, ಮತ್ತು ಒಂದು ಸಲವೂ ಹೊತ್ತಿಗೆ ಸರಿಯಾಗಿ ಸಾಯುತ್ತಿರಲಿಲ್ಲ.

ಅವರಿಗೆ ತುಂಬ ಇಷ್ಟವಾದದ್ದು ಅಣ್ಣತಮ್ಮಂದಿರ ಜಗಳದ ಒಂದು ಕತೆ. ಮರದ ಮರೆಯಿಂದ ಬಂದ ಬಾಣ ತಾಗಿ ದೊರೆಯಾದ ಅಣ್ಣ ಬೀಳುತ್ತಾನೆ. ಬಿದ್ದಲ್ಲಿಂದಲೇ ಬಾಣ ಬಿಟ್ಟವನನ್ನು ಎದುರಿಗೆ ಕರೆದು, ನಾನು ನಿನಗೇನು ಮಾಡಿದ್ದೆ ಎಂದು ಕೇಳುತ್ತಾನೆ. ಬಾಣ ಬಿಟ್ಟವನು ದೇವರ ಅಂಶ. ಅವನು ಧರ್ಮದ ಮಾತಾಡಿ ಉತ್ತರ ಕೊಡಬೇಕು, ದೊರೆ ಒಪ್ಪಿ ಪ್ರಾಣ ಬಿಡಬೇಕು. ಬಾಣ ಬಿಡುವವನ ಅರ್ಥ ಹೇಳುವವರು ಸೂರತ್‌ನಿಂದ ಬರುತ್ತಿದ್ದರು. ಅಲ್ಲಿ ಅವರದ್ದೊಂದು ಸಣ್ಣ ಇಡ್ಲಿ ಹೋಟೆಲು. ನಾವೆಲ್ಲ ಅವರನ್ನು ಸೂರತ್‌ನವರು ಎಂದೇ ಕರೆಯುತ್ತಿದ್ದೆವು. ಮಧ್ಯಾಹ್ನದ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುವವರು. ಅವರೂ ನನ್ನ ಗಂಡನೂ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. ಊರಲ್ಲಿ ಮಳೆಯಾಯಿತಾ, ಮೊಣಕಾಲು ನೋವು ಹೇಗಿದೆ, ಇಷ್ಟೇ. ಪ್ರಸಂಗದ ಸುದ್ದಿ ಎತ್ತುತ್ತಿರಲಿಲ್ಲ. ಎತ್ತಿದರೆ ಭಾನುವಾರದ ಮಾತಿನ ರುಚಿ ಹೋಗುತ್ತದಂತೆ.

ಐದೂವರೆಗೆ ಧಣಿಗಳು ತಾಳವನ್ನು ಮೆಲ್ಲಗೆ ಒಮ್ಮೆ ತಟ್ಟುತ್ತಿದ್ದರು. ಮುಗಿಸಿ ಎಂದು ಅದರ ಅರ್ಥ. ನನ್ನ ಗಂಡ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇನ್ನೊಮ್ಮೆ ತಟ್ಟುತ್ತಿದ್ದರು. ಆಗಲೂ ಇಲ್ಲ. ಅಷ್ಟರಲ್ಲಿ ಒಳಗೆ ದೋಸೆ ಕಾವಲಿ ಕಾಯುವ ವಾಸನೆ ಬರುತ್ತಿತ್ತು. ಧಣಿಗಳು ಮುಂದಕ್ಕೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ, "ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬರ್ತಾ ಉಂಟು ಮಾರಾಯ್ರೆ, ಸ್ವಲ್ಪ ಬೇಗ ಸಾಯಿರಿ" ಎನ್ನುತ್ತಿದ್ದರು.

ಆಗ ಇವರು ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು. "ಸಾಕು. ಕೇಳಬೇಕಾದದ್ದನ್ನು ಕೇಳಿದ್ದೇನೆ. ನಿನ್ನಿಂದ ಉತ್ತರ ಬರಲಿಲ್ಲ. ಆದರೂ ನೀನು ಬಿಟ್ಟು ಹೋಗದೆ ಹತ್ತಿರ ಇದ್ದು ಕೇಳಿಸಿಕೊಂಡೆ. ಅಷ್ಟು ಸಾಕು, ಇನ್ನು ಹೊರಡುತ್ತೇನೆ." ಇಷ್ಟಾದ ಮೇಲೆ ಧಣಿಗಳು ಕೊನೆಯ ಪದ್ಯ ಎತ್ತುತ್ತಿದ್ದರು.

ಮುಗಿದ ಮೇಲೆ ಕಾಫಿ ಕುಡಿಯುವಾಗ ಸೂರತ್‌ನವರು ಗೊಣಗುತ್ತಿದ್ದರು. "ಒಂದು ಗಂಟೆ ಗಂಟಲು ಹರಿದುಕೊಂಡು ಉತ್ತರ ಕೊಟ್ಟಿದ್ದೇನೆ. ಮತ್ತೆ ಉತ್ತರ ಬರ್ಲಿಲ್ಲ ಅಂತೀರಲ್ಲ, ನಿಮಗೆ ಕಿವಿ ಎಂತಕ್ಕೆ?"

"ಅದು ಉತ್ತರವಾ? ನೀವು ಕೆಮ್ಮಿದ್ದು ಅಂತ ಎಣಿಸಿದೆ" ಎನ್ನುತ್ತಿದ್ದರು ಇವರು.

ಹೆಂಗಸರು ನಾವು ಕೈತೊಳೆಯುವ ಬೇಸಿನ್ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆವು. ಅರ್ಧ ಶಟರಿನ ಕೆಳಗೆ ಬಗ್ಗಿ ನೋಡಿ ಅಕ್ಕಪಕ್ಕದ ಅಂಗಡಿಯವರು, "ಶು ಥಯು ಬೆನ್?" ಏನಾಯಿತು ಅಕ್ಕಾ ಎಂದು ನನ್ನನ್ನು ಕೇಳುವುದಿತ್ತು. ಇವರಿಬ್ಬರ ದನಿ ಕೇಳಿ ಹೊಡೆದಾಟವೇ ಎಂದುಕೊಳ್ಳುತ್ತಿದ್ದರು. ದೇವರ ಕತೆ ಎಂದರೆ ನಂಬುತ್ತಿರಲಿಲ್ಲ.

ನಾನು ಹತ್ತನೇ ಕ್ಲಾಸಿನವರೆಗೆ ಓದಿದವಳು. ನನಗೆ ಈ ವಿದ್ಯೆ ಬಂದದ್ದು ಅಡುಗೆಮನೆಯಲ್ಲಿ. ನನ್ನ ಗಂಡ ಮಕರಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆದವರೇ, ನಾನು ಚಪಾತಿ ಲಟ್ಟಿಸುವಾಗ ಬಾಗಿಲಿಗೆ ಒರಗಿ ನಿಂತು ಅರ್ಥ ಹೇಳಿ ನೋಡುತ್ತಿದ್ದರು. ನಾನು ಎದುರಾಳಿ.

"ನೀನು ಎಂತದೂ ಹೇಳುವುದು ಬೇಡ. ನಡುನಡುವೆ ಯಾಕೆ ಅಂತ ಕೇಳು, ಸಾಕು."

ಯಾಕೆ, ಎನ್ನುತ್ತಿದ್ದೆ. ಅವರು ಶುರು ಮಾಡುತ್ತಿದ್ದರು. ಹಿಟ್ಟಿನ ಉಂಡೆ ಮುಗಿಯುವವರೆಗೆ ನಾನು ಎಂಟು ಹತ್ತು ಸಲ ಯಾಕೆ ಎಂದಿರುತ್ತಿದ್ದೆ. ಕೆಲವು ಸಲ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಯೋಚನೆಯಲ್ಲಿ ತಪ್ಪಿದ ಜಾಗದಲ್ಲಿ ಯಾಕೆ ಎಂದುಬಿಡುತ್ತಿದ್ದೆ. ಅವರು ತಲೆ ಕೆರೆದುಕೊಂಡು, "ಹೌದಲ್ಲ, ಯಾಕೆ?" ಎಂದು ಯೋಚನೆಗೆ ಕೂರುತ್ತಿದ್ದರು. ಆ ಭಾನುವಾರ ಅದೇ ಪ್ರಶ್ನೆ ಸೂರತ್‌ನವರ ತಲೆಗೆ ಬೀಳುತ್ತಿತ್ತು.

ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅರ್ಧ ಬರುತ್ತದೆ, ಸಿಟ್ಟು ಬಂದರೆ ಗುಜರಾತಿ. ಚಿಕ್ಕವಳಿದ್ದಾಗ ಒಮ್ಮೆ ಹೋಟೆಲಿನಿಂದ ಬರುವ ದಾರಿಯಲ್ಲಿ, "ಪಪ್ಪಾ, ನೀವು ಆಲ್ವೇಸ್ ಯಾಕೆ ಸೋಲೋದು?" ಎಂದು ಕೇಳಿದಳು. ಪಾಪ, ಅವಳಿಗೆ ನಾಚಿಕೆಯಾಗಿತ್ತು.

"ಗೆದ್ದವನಿಗೆ ಮಾತು ಕಮ್ಮಿ ಮಗಾ. ಬಿದ್ದವನಿಗೆ ಹೇಳ್ಲಿಕ್ಕೆ ತುಂಬ ಇರ್ತದೆ" ಎಂದರು.

ಅಷ್ಟು ಮಾತಿನವರಿಗೆ ಕೊನೆಗೆ ಮಾತೇ ಹೋಯಿತು. ಒಂದು ಬೆಳಿಗ್ಗೆ ಶೂ ಲೇಸ್ ಕಟ್ಟುತ್ತಿದ್ದವರು ಬಲಗಡೆಗೆ ವಾಲಿದರು. ಮೆದುಳಿಗೆ ರಕ್ತ ಹೋಗುವುದು ನಿಂತಿದೆ ಎಂದರು ಆಸ್ಪತ್ರೆಯಲ್ಲಿ. ಹತ್ತೊಂಬತ್ತು ದಿನ ಇದ್ದರು. ಕಣ್ಣು ತೆರೆದಿರುತ್ತಿತ್ತು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಕೇಳುತ್ತಿದ್ದೆ. ಗ್ಯಾಸಿನ ಪುಸ್ತಕ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ನೋವಿದೆಯಾ ಎಂದು ಕೇಳಿದೆ. ಇಷ್ಟು ದೂರದ ಊರಿಗೆ ಕರೆದುಕೊಂಡು ಬಂದು ಈಗ ಹೀಗೆ ಮಲಗಿದರೆ ನಾನೇನು ಮಾಡಲಿ ಎಂದೂ ಕೇಳಿದೆ. ಒಂದೇ ಒಂದು ಮಾತು ಹೇಳಿ ಎಂದೆ. ಏನಾದರೂ ಸರಿ, ಹೂಂ ಎಂದರೂ ಸಾಕು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಡಗೈಯ ಬೆರಳು ಮಂಚದ ಕಂಬಿಯ ಮೇಲೆ ಆಗಾಗ ತಟ್ಟುತ್ತಿತ್ತು. ತಾಳ ಹಾಕುತ್ತಿದ್ದಾರೆ ಎಂದು ನಾನು ಅಂದುಕೊಂಡೆ. ನರ್ಸಮ್ಮನನ್ನು ಕೇಳಿದರೆ, ಅದು ಹಾಗೇ ಅಲ್ಲಾಡುವುದು ಬೆನ್, ಅವರಿಗೆ ಗೊತ್ತಿರುವುದಿಲ್ಲ ಎಂದರು.

ಆಮೇಲಿನ ದಿನಗಳಲ್ಲಿ ನನ್ನನ್ನು ಕೊರೆಯುತ್ತಿದ್ದದ್ದು ಸಾವಿಗಿಂತ ಹೆಚ್ಚಾಗಿ ಇದು. ಅಷ್ಟು ಕೇಳಿದೆನಲ್ಲ, ಅದು ಅವರಿಗೆ ತಲುಪಿತೋ ಇಲ್ಲವೋ. ಮಗಳ ಹತ್ತಿರ ಹೇಳಲಿಲ್ಲ. ಯಾರ ಹತ್ತಿರವೂ ಹೇಳಲಿಲ್ಲ.

ಎರಡು ತಿಂಗಳ ನಂತರ ಧಣಿಗಳು ಮನೆಗೆ ಬಂದರು. ಅವರ ನೆನಪಿಗೆ ಒಂದು ತಾಳಮದ್ದಳೆ ಮಾಡುತ್ತೇವೆ, ಅವರ ಇಷ್ಟದ ಪ್ರಸಂಗವನ್ನೇ, ನೀವು ಬರಬೇಕು ಅತ್ತಿಗೆ ಎಂದರು. ದೊರೆಯ ಅರ್ಥಕ್ಕೆ ಅಹಮದಾಬಾದಿನ ಬೋಪಲ್‌ನಲ್ಲಿರುವ ಒಬ್ಬ ಬ್ಯಾಂಕ್ ಅಧಿಕಾರಿಯನ್ನು ಕರೆಸುತ್ತಾರಂತೆ. ಬಾಣ ಬಿಡುವವರು ಸೂರತ್‌ನವರೇ.

ಹೋಗಲು ಮನಸ್ಸಿರಲಿಲ್ಲ. ಮಗಳು ಸೀರೆ ತೆಗೆದು ಮಂಚದ ಮೇಲಿಟ್ಟು, "ಚಲೋ ಅಮ್ಮ, ನಾನೂ ಬರ್ತೀನಿ, ನನಗೆ ಅರ್ಥ ಆಗ್ದಿದ್ರೆ ನೀನು ಹೇಳು" ಎಂದಳು. ಹೋದೆವು. ಬೇಸಿನ್ ಪಕ್ಕದ ಅದೇ ಬೆಂಚು. ಗೋಡೆಗೆ ಅವರ ಫೋಟೋ ಒರಗಿಸಿ ಮಲ್ಲಿಗೆ ಹಾಕಿದ್ದರು. ಅವರು ಕೂರುತ್ತಿದ್ದ ಜಾಗದಲ್ಲಿ ಬ್ಯಾಂಕಿನವರು ಕೂತಿದ್ದರು. ಒಳ್ಳೆಯ ಮನುಷ್ಯ, ಓದಿಕೊಂಡವರು. ಕೂರುವ ಮೊದಲು ಆ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಐದು ಗಂಟೆಯವರೆಗೆ ಎಲ್ಲ ಸರಿಯಾಗಿ ನಡೆಯಿತು. ಬಾಣ ಬಿತ್ತು. ದೊರೆ ಬಿದ್ದ. ಧಣಿಗಳ ಪದ್ಯ ಮುಗಿದ ಮೇಲೆ ಬ್ಯಾಂಕಿನವರು ತಗ್ಗಿದ ದನಿಯಲ್ಲಿ, "ಹತ್ತಿರ ಬಾ. ನಾನು ನಿನಗೇನು ಮಾಡಿದ್ದೆ, ಹೇಳು" ಎಂದರು.

ಸೂರತ್‌ನವರು ಉತ್ತರ ಕೊಡಬೇಕಿತ್ತು. ಇಪ್ಪತ್ತೆರಡು ವರ್ಷ ಕೊಟ್ಟ ಉತ್ತರ. ಅವರು ಲೋಟ ಎತ್ತಿ ನೀರು ಕುಡಿದರು. ಲೋಟ ಕೆಳಗಿಟ್ಟರು. ಮತ್ತೆ ಎತ್ತಿದರು. ಆಮೇಲೆ ಎದುರಿನವರ ಮುಖ ನೋಡದೆ, "ಏನೂ ಮಾಡಿರಲಿಲ್ಲ. ನನ್ನದೇ ತಪ್ಪು. ನೀನು ಏಳು. ಎದ್ದು ಮನೆಗೆ ಹೋಗು" ಎಂದರು.

ಬಾಣ ಬಿಟ್ಟವನು ಹಾಗೆ ಹೇಳುವಂತಿಲ್ಲ. ಕೊಂದವನೇ ಎದ್ದು ಮನೆಗೆ ಹೋಗು ಎಂದರೆ ಮುಂದೆ ಕತೆಯೇ ಇಲ್ಲ. ಬ್ಯಾಂಕಿನವರು ಕಕ್ಕಾಬಿಕ್ಕಿಯಾಗಿ ಧಣಿಗಳ ಕಡೆ ನೋಡಿ, "ಏಳಲಿಕ್ಕೆ ಆಗುವುದಿಲ್ಲವಲ್ಲ" ಎಂದರು. ಅದು ದೊರೆಯ ಮಾತೋ ಅವರದ್ದೋ ಗೊತ್ತಾಗಲಿಲ್ಲ. ಮತ್ತೆ ಒಂದಿಷ್ಟು ಧರ್ಮದ ಮಾತು ಎತ್ತಿ ದಾರಿ ಮಾಡಿಕೊಟ್ಟರು. ಸೂರತ್‌ನವರು ತಲೆಯಲ್ಲಾಡಿಸಿ, "ಏಳು" ಎಂದಷ್ಟೇ ಹೇಳಿದರು. ಧಣಿಗಳು ನಡುನಡುವೆ ಬೇರೆ ಪದ್ಯ ಹಾಡಿ ನೋಡಿದರು. ಆಗಲೂ ಅದೇ ಮಾತು. ಗಡಿಯಾರ ಐದೂ ಮುಕ್ಕಾಲು ದಾಟಿತು. ಧಣಿಗಳು ತಾಳವನ್ನು ಒಮ್ಮೆ ತಟ್ಟಿದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಹಿಟ್ಟಿನ ಮಾತು ಅವರ ಬಾಯಿಗೂ ಬರಲಿಲ್ಲ. ಕಾವಲಿಯ ವಾಸನೆ ಮಾತ್ರ ಬಂತು. ಉತ್ತರ ಬಾರದೆ ದೊರೆ ಒಪ್ಪುವ ಹಾಗಿಲ್ಲ, ಒಪ್ಪಿ ಹೊರಡದೆ ಕೊನೆಯ ಪದ್ಯ ಎತ್ತುವ ಹಾಗಿಲ್ಲ, ಪ್ರಸಂಗವನ್ನು ಅರ್ಧಕ್ಕೆ ಬಿಟ್ಟು ಏಳುವ ಹಾಗೂ ಇಲ್ಲ.

ನಾನು ಸಭೆಯಲ್ಲಿ ಬಾಯಿ ತೆರೆದವಳಲ್ಲ. ಆದರೆ ಆ ವಾಸನೆ ಬಂದಾಗ ಬರಬೇಕಾದ ಮಾತು ನನಗೆ ಗೊತ್ತಿತ್ತು. ಕೂತಲ್ಲಿಂದಲೇ, ನೆಲ ನೋಡುತ್ತ ಹೇಳಿದೆ.

"ಸಾಕು."

ಎಲ್ಲರೂ ತಿರುಗಿದರು. ಸೂರತ್‌ನವರೂ ತಿರುಗಿದರು. ನಾನು ನಿಲ್ಲಿಸಲಿಲ್ಲ.

"ಕೇಳಬೇಕಾದದ್ದನ್ನು ಕೇಳಿದ್ದೇನೆ. ನಿನ್ನಿಂದ ಉತ್ತರ ಬರಲಿಲ್ಲ. ಆದರೂ ನೀನು ಬಿಟ್ಟು ಹೋಗದೆ ಹತ್ತಿರ ಇದ್ದು ಕೇಳಿಸಿಕೊಂಡೆ."

ಅಲ್ಲಿಗೆ ಬಂದಾಗ ಆಸ್ಪತ್ರೆಯ ಸ್ಟೂಲು, ಕಂಬಿಯ ಮೇಲಿನ ಆ ಬೆರಳು, ನನ್ನನ್ನೇ ನೋಡುತ್ತಿದ್ದ ಕಣ್ಣು ಎಲ್ಲ ಎದುರಿಗೆ ಬಂತು. ಎಷ್ಟೋ ವರ್ಷ ಚಪಾತಿ ಲಟ್ಟಿಸುತ್ತ ಕೇಳಿದ ಮಾತು ನಾನೂ ಅವರಿಗೆ ಹೇಳಬೇಕಾದದ್ದು ಎಂದು ಆವತ್ತಿನವರೆಗೆ ಹೊಳೆದಿರಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡಳು.

"ಅಷ್ಟು ಸಾಕು, ಇನ್ನು ಹೊರಡುತ್ತೇನೆ" ಎಂದು ಮುಗಿಸಿದೆ.

ಧಣಿಗಳು ಕಣ್ಣು ಮುಚ್ಚಿ ಕೊನೆಯ ಪದ್ಯ ಎತ್ತಿದರು. ಮಂಗಳವಾಯಿತು. ಶಟರ್ ಎತ್ತುವಾಗ ಹೊರಗೆ ಮೂರು ನಾಲ್ಕು ಸಂಸಾರ ಮಕ್ಕಳನ್ನು ಎತ್ತಿಕೊಂಡು ಕಾಯುತ್ತಿದ್ದವು. ಧಣಿಗಳು ಮೇಜು ಎಳೆಯುತ್ತ ನನ್ನ ಹತ್ತಿರ ಬಂದು, "ಅತ್ತಿಗೆ, ನಿಮ್ಮವರು ಇವತ್ತೂ ಹೊತ್ತಿಗೆ ಸರಿಯಾಗಿ ಸಾಯ್ಲಿಲ್ಲ. ಇಪ್ಪತ್ತು ನಿಮಿಷ ತಡ" ಎಂದರು. ಹೇಳಿ, ಹೇಳಬಾರದಿತ್ತೇನೋ ಎಂದು ನನ್ನ ಮುಖ ನೋಡಿದರು. ನನಗೆ ನಗು ಬಂತು. ಎರಡು ತಿಂಗಳಲ್ಲಿ ಮೊದಲ ಸಲ.

ಸೂರತ್‌ನವರ ರೈಲು ಆಗಲೇ ತಪ್ಪಿತ್ತು. ಮುಂದಿನದಕ್ಕೆ ಹೊರಟವರು ಬಾಗಿಲಲ್ಲಿ ನಿಂತರು, ಕೈಯಲ್ಲಿ ಪಾರ್ಸೆಲ್ ದೋಸೆ.

"ಅತ್ತಿಗೆ, ಒಂದು ಕೇಳ್ಲಿಕ್ಕುಂಟು. ನನ್ನ ಉತ್ತರ ಸರಿಯಾಯ್ತು ಅಂತ ಅವರು ಮನೆಯಲ್ಲಾದ್ರೂ ಯಾವತ್ತಾದ್ರೂ ಹೇಳಿದ್ದುಂಟಾ?"

"ಪ್ರತಿ ತಿಂಗಳು" ಎಂದೆ. "ದಾರಿಯಲ್ಲಿ ನಡೀತಾ ಹೇಳ್ತಿದ್ರು. ಇವತ್ತು ಸೂರತ್‌ನವರು ನನ್ನ ಬಾಯಿ ಕಟ್ಟಿದ್ರು ಅಂತ."

ಅವರು ಪಾರ್ಸೆಲಿನ ದಾರ ಬಿಗಿ ಮಾಡಿದರು. "ಮತ್ತೆ ಎದುರಿಗೆ ಒಂದು ಸಲ ಹೇಳ್ಲಿಕ್ಕೆ ಅವರಿಗೆ ಎಂತ ದಾಡಿ?"

"ನಾನೂ ಕೇಳಿದ್ದೆ. ಹೇಳಿದ್ರೆ ಆ ಮನುಷ್ಯ ಮುಂದಿನ ತಿಂಗಳು ಬರುದಿಲ್ಲ ಅಂದ್ರು."

ಸೂರತ್‌ನವರು ಟವೆಲಿನಿಂದ ಮುಖ ಒರೆಸಿಕೊಂಡು, ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ರಿಕ್ಷಾ ಹತ್ತಿದರು.